ಇಡೀ ವಾರ್ಡಿಗೆ ಹದಿನೆಂಟು ಉಸಿರು

ಜನವರಿ 6, ಸಂಜೆ

ಶಿಲುಬೆ ಹಬ್ಬದ ಡ್ಯೂಟಿ ಈ ವರ್ಷವೂ ನನಗೇ. ಪಾದ್ರಿ ಡ್ಯಾನ್ಯೂಬ್ ನದಿಗೆ ಶಿಲುಬೆ ಎಸೆದನಂತೆ, ಊರ ಗಂಡಸರು ಚಡ್ಡಿಯಲ್ಲಿ ಅದರ ಹಿಂದೆ ಧುಮುಕಿದರಂತೆ. ಮೊದಲು ಹಿಡಿದವನಿಗೆ ವರ್ಷವಿಡೀ ಆರೋಗ್ಯ. ಉಳಿದವರಿಗೆ ನಾನು. ಮೂವರು ಬಂದರು. ಯಾರಿಗೂ ಏನೂ ಆಗಿಲ್ಲ, ರಾಕಿಯಾ ಮಿತಿಮೀರಿ ಕುಡಿದಿದ್ದಾರೆ ಅಷ್ಟೆ. ಒಬ್ಬ ಹಲ್ಲು ಕಟಕಟಿಸುತ್ತ ಕೇಳಿದ: "ಡಾಕ್ಟ್ರೇ, ಇದು ನ್ಯುಮೋನಿಯಾನಾ?"

"ಅಲ್ಲ. ಮೂರ್ಖತನ. ಅದಕ್ಕೆ ಮಾತ್ರೆ ಬಂದಿಲ್ಲ."

ನಕ್ಕ. ಬೈದರೂ ನಗುವ ಜನ.

ಪ್ರೊಫೆಸರ್ ಚಕರೊವ್ ಮಧ್ಯಾಹ್ನ ಇಣುಕಿದರು. ಬೋ ಟೈ. ಹಬ್ಬದ ದಿನವೂ. "ವೆನೆತಾ, ನಮ್ಮ ಮಾಪಕಕ್ಕೆ ಇವತ್ತೇನಾದ್ರೂ ಸಿಕ್ಕಿತಾ?" ಮೀನು ಮಾರುಕಟ್ಟೆಗೆ ಬಂದವರ ಹಾಗೆ. ನಮ್ಮ ಮಾಪಕ ಅನ್ನುತ್ತಾರೆ, ಕಾಗದದ ಮೇಲೆ ಇರುವುದು ಚಕರೊವ್ ಮಾಪಕ.

ಜನವರಿ 8

ಆಸ್ಪತ್ರೆಯೊಳಗೆ ಅಂಟುವ ನ್ಯುಮೋನಿಯಾ ಬೇರೆ, ಊರಲ್ಲಿ ಅಂಟಿಸಿಕೊಂಡು ಬರುವುದು ಬೇರೆ. ನಮ್ಮ ಸಂಶೋಧನೆ ಎರಡನೆಯದರ ಮೇಲೆ. ರೋಗಿ ಬಂದ ಕೂಡಲೇ ಅಂಕ ಹಾಕಬೇಕು — ವಯಸ್ಸು, ರಕ್ತದೊತ್ತಡ, ರಕ್ತದಲ್ಲಿ ಯೂರಿಯಾ, ತಲೆ ನೆಟ್ಟಗಿದೆಯೋ ಇಲ್ಲವೋ, ನಿಮಿಷಕ್ಕೆ ಎಷ್ಟು ಉಸಿರು. ಅಂಕ ಕಡಿಮೆಯಾದರೆ ಮಾತ್ರೆ ಕೊಟ್ಟು ಮನೆಗೆ. ಹೆಚ್ಚಾದರೆ ಒಳಗೆ. ಚಕರೊವ್ ಈ ಸರಳ ಸಂಗತಿಗೆ ತಮ್ಮ ಹೆಸರಿಟ್ಟು ವಸಂತದಲ್ಲಿ ವಾರ್ನಾ ಸಮ್ಮೇಳನದಲ್ಲಿ ಮೆರೆಯಲಿದ್ದಾರೆ. ಇಂಥ ಮಾಪಕಗಳು ಜಗತ್ತಿನಲ್ಲಿ ಎಷ್ಟಿಲ್ಲ! ಇವರು ವೇಗದ ಉಸಿರಿಗೆ ಎರಡು ಅಂಕ ಹೆಚ್ಚು ಕೊಟ್ಟಿದ್ದಾರೆ. ಅದೇ ಮಹಾ ಆವಿಷ್ಕಾರ.

ಉಸಿರನ್ನು ಎಣಿಸುವವರು ಯಾರು? ಯಾರೂ ಇಲ್ಲ. ಯಂತ್ರ ತೋರಿಸುವುದಿಲ್ಲ, ರೋಗಿಯ ಎದೆ ನೋಡುತ್ತ ಪೂರ್ತಿ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ನಿಲ್ಲುವ ತಾಳ್ಮೆ ಯಾರಿಗಿದೆ? ಕಿರಿಯ ಡಾಕ್ಟರ್ ಇಸ್ಕ್ರೆನ್ ಎಲ್ಲರಿಗೂ ಹದಿನೆಂಟು ಬರೆಯುತ್ತಾನೆ. ಮುದುಕನಿಗೂ ಹದಿನೆಂಟು, ಬಸುರಿಗೂ ಹದಿನೆಂಟು. ಕೇಳಿದರೆ — "ನಾರ್ಮಲ್ ಅಲ್ವಾ ಡಾಕ್ಟ್ರೇ, ಬೇಜಾರಾದಾಗ ಇಪ್ಪತ್ತು ಬರೀತೀನಿ, ಸ್ವಲ್ಪ ವೈವಿಧ್ಯ ಇರ್ಲಿ ಅಂತ." ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತದೆ, ಮಿಲಿಟರಿ ಬ್ಯಾಂಡಿನ ಹಾಗೆ. ಈ ಕಸದ ಮೇಲೆ ಚಕರೊವ್ ಅರಮನೆ ಕಟ್ಟುತ್ತಿದ್ದಾರೆ. ಕಟ್ಟಲಿ. ಬೀಳುವುದನ್ನು ನೋಡುವ ಆಸೆ ನನಗೆ.

ಜನವರಿ 12

ಹೊರರೋಗಿಗಳ ದಿನ, ಜೊತೆಗೆ ಇಸ್ಕ್ರೆನ್. ಕೆಮ್ಮುವವರ ಸಂತೆ. ಕೆಲವರು ಎದೆಗೆ ರಾಕಿಯಾ ತಿಕ್ಕಿಸಿಕೊಂಡು ಬಂದಿದ್ದರು, ಕೋಣೆಯೆಲ್ಲ ಸಾರಾಯಿ ಅಂಗಡಿ. ಒಬ್ಬಾಕೆ ಪಕ್ಕದ ಮನೆಯವಳ ಆಂಟಿಬಯೋಟಿಕ್ ನುಂಗಿದ್ದಾಳೆ — "ಅವಳಿಗೆ ವಾಸಿಯಾಯ್ತಲ್ಲ!" ಅವಳಿಗೆ ಬಂದದ್ದು ಮೂತ್ರದ ಸೋಂಕು, ತಾಯಿ.

ಆಮೇಲೆ ಬೊಂಬೆ ನಾಟಕದ ನಟಿ. ಕ್ರೆಮೆನಾ ದುದೆವಾ, ನಲವತ್ತರ ಸುಮಾರು. ಒಳಗೆ ಬಂದವಳೇ ಪ್ರದರ್ಶನ ಶುರು. "ಡಾಕ್ಟ್ರೇ, ನಾನು ಬೆಳಿಗ್ಗೆ ಕರಡಿ, ಮಧ್ಯಾಹ್ನ ರಾಜಕುಮಾರಿ, ಸಂಜೆ ಮೂರು ಹಂದಿಮರಿ, ಈಗ ಐದೂ ಜನಕ್ಕೆ ಒಟ್ಟಿಗೆ ಕೆಮ್ಮು ಹಿಡಿದಿದೆ, ಒಂದೇ ಚೀಟಿಯಲ್ಲಿ ಬರೀತೀರಾ ಇಲ್ಲಾ ಬೇರೆ ಬೇರೆನಾ?" ಒಂದೇ ಉಸಿರಿನಲ್ಲಿ ಹೇಳಿದಳು. ಬಾಗಿಲ ಹೊರಗಿನವರು ನಕ್ಕರು. ನನಗೆ ಇಂಥವರನ್ನು ಕಂಡರಾಗದು. ಎಲ್ಲಿ ಹೋದರೂ ಪ್ರೇಕ್ಷಕರು ಬೇಕು.

ಜ್ವರ ಇತ್ತು. ಎಕ್ಸ್‌ರೇಯಲ್ಲಿ ಎಡಗಡೆ ಕೆಳಗೆ ಚಿಕ್ಕ ಮೋಡ. ಬೆರಳಿಗೆ ಸಿಕ್ಕಿಸುವ ಯಂತ್ರ ಆಕ್ಸಿಜನ್ ತೊಂಬತ್ತನಾಲ್ಕು ಎಂದಿತು — ಹೊಗಳುವಂಥದ್ದಲ್ಲ, ಹೆದರುವಂಥದ್ದೂ ಅಲ್ಲ. ಉಸಿರು ಹದಿನೆಂಟು ಎಂದು ಬರೆದೆ, ಎಲ್ಲರ ಹಾಗೆ. ಒಟ್ಟು ಅಂಕ ಒಂದು. ಅಮಾಕ್ಸಿಸಿಲಿನ್ ಮಾತ್ರೆ, ಮನೆಗೆ. ಹೋಗುವಾಗ ಕರಡಿಯ ದನಿಯಲ್ಲಿ ಥ್ಯಾಂಕ್ಸ್ ಹೇಳಿದಳು. ನಾನು ತಲೆಯೆತ್ತಲಿಲ್ಲ.

ಜನವರಿ 13

ಚಕರೊವ್ ಸಮ್ಮೇಳನಕ್ಕೆ ಸಾರಾಂಶ ಕಳಿಸಿದರಂತೆ. ಇಡೀ ವಿಭಾಗಕ್ಕೆ ಬಾನಿತ್ಸಾ ತರಿಸಿದರು. ತಣ್ಣಗಿತ್ತು, ಚೀಸ್ ಕಡಿಮೆ. ಎರಡು ತುಂಡು ತಿಂದೆ.

ಜನವರಿ 15, ಮಧ್ಯಾಹ್ನ

ಬೊಂಬೆಯವಳು ಆಂಬುಲೆನ್ಸಿನಲ್ಲಿ ವಾಪಸ್. ತುಟಿ ನೀಲಿ. ಮಾತಿಲ್ಲ. ಎಡ ಶ್ವಾಸಕೋಶದ ಅರ್ಧ ಬಿಳಿ, ಬಲಗಡೆಯೂ ಶುರುವಾಗಿದೆ. ರಕ್ತದೊತ್ತಡ ಕುಸಿಯುತ್ತಿದೆ.

ಇಲ್ಲಿ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಅವಳನ್ನು ಕಂಡಾಗ ನನಗೆ ಮೊದಲು ಆದದ್ದು ಸಂತೋಷ. ಚಕರೊವ್ ಮಾಪಕ ಮನೆಗೆ ಕಳಿಸು ಅಂದವಳು ಇಗೋ ಇಲ್ಲಿ ಸಾಯಲು ಬಂದಿದ್ದಾಳೆ. ಬಿತ್ತು ಅರಮನೆ. ಇಸ್ಕ್ರೆನ್ ಕಿವಿಯಲ್ಲಿ ಪಿಸುಗುಟ್ಟಿದ: "ಪ್ರೊಫೆಸರಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?" ನಾನೇ ಹೇಳ್ತೀನಿ ಅಂದೆ. ಆ ಸುಖ ಬೇರೆಯವರಿಗೆ ಯಾಕೆ ಬಿಟ್ಟುಕೊಡಲಿ.

ಎರಡು ಆಂಟಿಬಯೋಟಿಕ್ ನರಕ್ಕೆ. ಜೋರು ಆಕ್ಸಿಜನ್. ಮೂತ್ರ ಪರೀಕ್ಷೆಯಲ್ಲಿ ನ್ಯುಮೊಕಾಕಸ್ ರೋಗಾಣು ಸಿಕ್ಕಿತು — ಹಳೆಯ ಕಳ್ಳ, ಪ್ರತಿ ಚಳಿಗಾಲವೂ ಅವನೇ.

ಅದೇ ದಿನ, ಸಂಜೆ

ಅವಳ ಅತ್ತೆ ಗಿನ್ಕಾ ಕಾರಿಡಾರಿನಲ್ಲಿ ಕೂತಿದ್ದಾಳೆ. ತಲೆಗೆ ವಸ್ತ್ರ, ತೊಡೆಯ ಮೇಲೆ ಉಪ್ಪಿನಲ್ಲಿಟ್ಟ ಕೋಸಿನ ಜಾಡಿ. ಮಗ ಸತ್ತು ಏಳು ವರ್ಷವಾದರೂ ಅತ್ತೆ ಸೊಸೆ ಒಂದೇ ಮನೆ. ಒಬ್ಬರಿಂದೊಬ್ಬರು ಬಿಡುಗಡೆಯಾಗಿದ್ದ ಇಬ್ಬರೂ ಬಿಡದೆ ಕೂತಿದ್ದಾರೆ ಎಂದರೆ ಯಾವ ತರಹದ ಜನವೋ.

"ಡಾಕ್ಟ್ರಮ್ಮಾ, ಮನೆಗೆ ಕಳ್ಸಿದ್ದು ನೀನೇ ಅಲ್ವಾ?"

"ಅವತ್ತು ಅವರ ಸ್ಥಿತಿ ಅಷ್ಟು ಕೆಟ್ಟಿರಲಿಲ್ಲ."

"ಕೆಟ್ಟಿರಲಿಲ್ವಾ? ಬಸ್ ಸ್ಟಾಪಿಂದ ಇಲ್ಲಿಗೆ ಬರೋವಷ್ಟರಲ್ಲಿ ಎರಡು ಸಲ ಕೂತ್ಲು ಕಣವ್ವಾ. ಬೇಸಿಗೆ ನಾಯಿ ಹಾಗೆ ಏದುಸಿರು. ನಿನ್ ಬಾಗಿಲ ಹೊರಗೆ ನಿಂತು ಸುಧಾರಿಸ್ಕೊಂಡು ಒಳಗೆ ಹೋದ್ಲು. 'ಡಾಕ್ಟ್ರ ಮುಂದೆ ಗೋಳಾಡಬಾರ್ದು ಅತ್ತೆ' ಅಂತ. ನಿಂಗೆ ಕಣ್ಣಿರ್ಲಿಲ್ವಾ?"

ಇಂಥ ಮುದುಕಿಯರಿಗೆ ಉತ್ತರ ಕೊಡಬಾರದು. ಕೋಣೆಗೆ ಬಂದು ಕೂತು ಲೆಕ್ಕ ಹಾಕಿದೆ. ಅವತ್ತು ಉಸಿರು ಇಪ್ಪತ್ತೆಂಟೋ ಮೂವತ್ತೋ ಇದ್ದಿರಬೇಕು. ಅದಕ್ಕೆ ಚಕರೊವ್ ಹೆಚ್ಚು ಕೊಡುವ ಅಂಕ ಸೇರಿಸಿದರೆ — ಒಳಗೆ. ಸಂಶಯವಿಲ್ಲದೆ ಒಳಗೆ.

ಮಾಪಕ ತಪ್ಪಿಲ್ಲ. ಆ ಬೋ ಟೈ ಮನುಷ್ಯನ ಮಾಪಕ ಸರಿ ಇದೆ. ತಪ್ಪಿದ್ದು ನಾನು ಹಾಕಿದ ಹದಿನೆಂಟು.

ಜನವರಿ 16

ಬೆಳಿಗ್ಗೆ ಅವಳ ಗಂಟಲಿಗೆ ನಳಿಗೆ ಹಾಕಿ ಯಂತ್ರಕ್ಕೆ ಜೋಡಿಸಿದರು.

ಚಕರೊವ್ ಬಂದು ಎಕ್ಸ್‌ರೇ ನೋಡಿದರು. "ಹೈಡ್ರೋಕಾರ್ಟಿಸೋನ್ ಕೊಡಿ. ಈಗಲೇ. ಇಷ್ಟು ಗಂಭೀರ ಇದ್ದಾಗ ಮೊದಲ ದಿನವೇ ಕೊಟ್ಟರೆ ಉಳಿಯೋ ಸಂಭವ ಜಾಸ್ತಿ." ಸ್ಟಿರಾಯ್ಡ್ ವಿಷಯದಲ್ಲಿ ಇವರು ಓದಿದ್ದನ್ನೆಲ್ಲ ನಾನು ಕಾಫಿ ಕೋಣೆಯಲ್ಲಿ ಗೇಲಿ ಮಾಡುತ್ತಿದ್ದೆ. ಇವತ್ತು ಬಾಯಿ ಮುಚ್ಚಿಕೊಂಡು ಕೊಟ್ಟೆ.

ಆಮೇಲೆ ಬಾಗಿಲು ಮುಚ್ಚಿ, ದನಿ ತಗ್ಗಿಸಿ: "ವೆನೆತಾ, ಈ ರೋಗೀನ ಅಧ್ಯಯನದಿಂದ ಹೊರಗಿಡೋಣ. ಸಿಗರೇಟ್ ಸೇದ್ತಾಳಂತೆ. ವಿಶೇಷ ಪ್ರಕರಣ."

"ಅರ್ಧ ಊರು ಸೇದುತ್ತೆ, ಪ್ರೊಫೆಸರ್."

"ಒಂದೇ ಒಂದು ಕೇಸು. ಚಿತ್ರ ಕೆಡಿಸುತ್ತೆ."

ಹೇಸಿಗೆಯಾಯಿತು. ಆದರೆ ಎಕ್ಸ್‌ರೇ ಎತ್ತಿಕೊಂಡು ಹೊರಗೆ ಬಂದೆ. ಅವಳನ್ನು ಅಧ್ಯಯನದಲ್ಲೇ ಇಟ್ಟು ನಾನು ಸುಮ್ಮನಿದ್ದರೆ ಚಕರೊವ್ ಮಾಪಕ ಸೋಲುತ್ತದೆ, ನಾನು ಗೆಲ್ಲುತ್ತೇನೆ. ಬಾಯಿ ಬಿಟ್ಟರೆ ಅವರ ಮಾಪಕ ನಿಲ್ಲುತ್ತದೆ, ನಾನು ಬೀಳುತ್ತೇನೆ. ಅಲ್ಲ, ಅದೂ ಅಲ್ಲ. ಬಾಯಿ ಬಿಟ್ಟರೆ ಎಲ್ಲ ಹದಿನೆಂಟುಗಳೂ ಹೊರಗೆ ಬರುತ್ತವೆ, ಯಾರೂ ನಿಲ್ಲುವುದಿಲ್ಲ.

ಯೋಚಿಸಬೇಕು.

ಜನವರಿ 24

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಇದ್ದದ್ದು ಒಂದೇ ಸಾಲು — ಇನ್ನೂ ಬದುಕಿದ್ದಾಳೆ. ಅದನ್ನೇ ಎಷ್ಟು ಸಲ ಬರೆಯುವುದು.

ಗಿನ್ಕಾ ದಿನಾ ಬರುತ್ತಾಳೆ. ಗಾಜಿನಾಚೆ ನಿಂತು ಸೊಸೆಗೆ ಬೈಯುತ್ತಾಳೆ. "ಏಳೇ ಸೋಮಾರಿ! ಒಲೆ ಹೊತ್ತಿಸೋರಿಲ್ಲ. ಹಂದಿಮರಿಗಳು ಪೆಟ್ಟಿಗೇಲಿ ಧೂಳು ತಿಂತಾ ಬಿದ್ದಿವೆ. ನಿಂಗೆ ಇಲ್ಲಿ ರಾಣಿ ಹಾಗೆ ನಿದ್ದೆ." ನರ್ಸ್ ಸುಮ್ಮನಿರಲು ಹೇಳಿದರೆ ಅವಳಿಗೂ ಎರಡು. ನನ್ನನ್ನು ಕಂಡರೆ ಮಾತ್ರ ಮಾತಿಲ್ಲ. ಮುಖ ತಿರುಗಿಸುತ್ತಾಳೆ. ನನ್ನನ್ನು ಹೀಗೆ ಕಡೆಗಣಿಸಿದವರು ಕಡಿಮೆ. ಸಾಮಾನ್ಯವಾಗಿ ಆ ಕೆಲಸ ನನ್ನದು.

ಜನವರಿ 25

ಇವತ್ತು ವಾಚ್ ಹಿಡಿದು ಮಂಚದಿಂದ ಮಂಚಕ್ಕೆ ಹೋದೆ. ಎಣಿಸಿದೆ, ಪ್ರತಿಯೊಬ್ಬರಿಗೂ ಪೂರ್ತಿ ಒಂದು ನಿಮಿಷ. ಇಪ್ಪತ್ತಾರು. ಹದಿನಾಲ್ಕು. ಮೂವತ್ತೊಂದು — ಆ ಮುದುಕ ನಗುನಗುತ್ತ ಪತ್ರಿಕೆ ಓದುತ್ತಿದ್ದ, ಅವನ ಚಾರ್ಟಿನಲ್ಲಿ ಹದಿನೆಂಟು. ಅವನಿಗೆ ಆಕ್ಸಿಜನ್ ಹಚ್ಚಿಸಿದೆ. ಸಂಜೆಯೊಳಗೆ ಬೇಕೇ ಬೇಕಾಯಿತು.

ಇಸ್ಕ್ರೆನ್ ಹಿಂದೆ ಹಿಂದೆ. "ಏನಾಗಿದೆ ಡಾಕ್ಟ್ರೇ ನಿಮಗೆ? ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದ ಹಾಗೆ ಒಬ್ಬೊಬ್ಬರ ಮುಂದೆ ನಿಲ್ತಾ ಇದೀರಲ್ಲ."

"ನೀನೂ ನಿಲ್ಲು."

"ನಂಗೆ ಊಟ ಇದೆ."

ಇವನಿಗೆ ಕಲಿಸಿದವಳು ನಾನು.

ಜನವರಿ 27

ಮಂಗಳವಾರದ ಸಭೆ. ಚಕರೊವ್ ಬಣ್ಣದ ಚಿತ್ರಗಳನ್ನು ಪರದೆ ಮೇಲೆ ಬಿಟ್ಟರು. ಗೆರೆ ಎಷ್ಟು ನುಣುಪು! ಬೊಂಬೆಯವಳು ಅದರಲ್ಲಿಲ್ಲ. ತೆಗೆದುಹಾಕಿದ್ದಾರೆ.

ಎದ್ದೆ. "ಪ್ರೊಫೆಸರ್, ಕ್ರೆಮೆನಾ ದುದೆವಾ ಎಲ್ಲಿ?"

"ಅದು ಮಾತಾಡಿ ಆಗಿದೆ, ವೆನೆತಾ."

"ಆಗಿಲ್ಲ. ಅವತ್ತು ನಾನು ಅವಳ ಉಸಿರು ಎಣಿಸಲಿಲ್ಲ. ಸುಮ್ಮನೆ ಹದಿನೆಂಟು ಬರೆದೆ."

ಚಕರೊವ್ ಮುಖ ಕೆಂಪಾಯಿತು. "ನಾಲ್ಕು ವರ್ಷದಿಂದ ನನ್ನ ಕೆಲಸಾನ ನೋಡಿ ನಗ್ತಾನೇ ಇದೀರಿ. ಅದನ್ನ ಹಾಳು ಮಾಡೋಕೆ ಇದೊಂದು ದಾರಿ ಸಿಕ್ತಾ?"

"ಹಾಳು ಮಾಡ್ತಿಲ್ಲ. ನಿಮ್ಮ ಮಾಪಕ ಸರಿಯಾಗೇ ಇದೆ. ನಿಜವಾದ ಉಸಿರು ಬರೆದಿದ್ರೆ ಅದು ಅವಳನ್ನ ಒಳಗೆ ಸೇರಿಸ್ಕೊಳ್ತಿತ್ತು. ಇದನ್ನ ಹೇಳೋಕೆ ನಂಗೆಷ್ಟು ಹೊಟ್ಟೆ ಉರೀತಿದೆ ಅಂತ ನಿಮಗೆ ಗೊತ್ತಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಚಕರೊವ್ ನಗಲಿಲ್ಲ. ನಿಧಾನವಾಗಿ ಕೇಳಿದರು: "ಉಳಿದವರದ್ದು?"

"ನೀವೇ ನೋಡಿ. ಯಾರೂ ಎಣಿಸಿಲ್ಲ."

"ನಾನು ಎಣಿಸಿದ್ದೆ" ಅಂದ ಇಸ್ಕ್ರೆನ್. ಮುಖದ ಒಂದು ಸ್ನಾಯು ಅಲುಗಲಿಲ್ಲ. ಅವನ ಹಿಂದೆ ಇನ್ನೊಬ್ಬಳು — ನಾನೂ. ಆಮೇಲೆ ಎಲ್ಲರೂ. ಒಂದೇ ಕ್ಷಣದಲ್ಲಿ ಇಡೀ ವಿಭಾಗ ಪ್ರಾಮಾಣಿಕವಾಯಿತು, ನನ್ನೊಬ್ಬಳನ್ನು ಬಿಟ್ಟು.

ಚಕರೊವ್ ಪ್ರೊಜೆಕ್ಟರ್ ಆರಿಸಿದರು. "ನೀವು ಇನ್ನು ಅಧ್ಯಯನದಲ್ಲಿ ಇರೋದು ಬೇಡ." ಹೊರಟುಹೋದರು. ಇದನ್ನೇ ನಿರೀಕ್ಷಿಸಿದ್ದೆ. ಹೇಡಿ. ಈಗ ನೆಮ್ಮದಿಯಿಂದ ತಿರಸ್ಕರಿಸಬಹುದು.

ಜನವರಿ 30

ನಳಿಗೆ ತೆಗೆದರು. ಕ್ರೆಮೆನಾ ತಾನೇ ಉಸಿರಾಡುತ್ತಿದ್ದಾಳೆ. ಇಪ್ಪತ್ತೆರಡು. ಎರಡು ಸಲ ಎಣಿಸಿದೆ. ಗಾಜಿನಾಚೆ ಗಿನ್ಕಾ ಬೈಯುವುದನ್ನು ನಿಲ್ಲಿಸಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಅಲ್ಲಿ ನಿಲ್ಲಲಾಗಲಿಲ್ಲ.

ಫೆಬ್ರವರಿ 3

ಎಂಟನೇ ಮಂಚದ ಹತ್ತಿರ ಚಕರೊವ್ ಕೂತಿದ್ದರು. ವಾಚ್ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು, ತುಟಿ ಅಲ್ಲಾಡಿಸುತ್ತ. ಮಂಚದ ಮೇಲಿದ್ದ ರೈಲ್ವೆಯ ನಿವೃತ್ತ ಮುದುಕ ಗಾಬರಿಯಾದ: "ಏನ್ ಸ್ವಾಮಿ, ಪ್ರಾರ್ಥನೆ ಮಾಡ್ತಿದೀರಾ? ಅಷ್ಟು ಕೆಟ್ಟೋಯ್ತಾ ನನ್ ಗತಿ?"

"ಮಾತಾಡ್ಬೇಡಿ. ಲೆಕ್ಕ ತಪ್ಪುತ್ತೆ. ಛೆ, ತಪ್ಪಿತು. ಮೊದಲಿಂದ."

ನನ್ನನ್ನು ನೋಡಿದರು. ಎದ್ದರು. "ವಾರ್ನಾದಿಂದ ವಾಪಸ್ ತಗೊಂಡೆ" ಅಂದರು.

"ಏನನ್ನ?"

"ಸಾರಾಂಶಾನ. ಹಳೆಯದೆಲ್ಲ ಬಿಟ್ಟು ಹೊಸದಾಗಿ ಶುರು ಮಾಡ್ತೀನಿ. ರೋಗಿಗಳ ಪಟ್ಟೀಲಿ ದುದೆವಾ ಮೊದಲ ಹೆಸರು." ಟೈ ಸರಿಮಾಡಿಕೊಂಡರು. "ನಂಗೆ ಅರವತ್ತೇಳು. ಮುಗಿಸ್ತೀನೋ ಇಲ್ವೋ. ಎಣಿಸೋಕೆ ಬರೋರು ಬೇಕು. ನೀವು ಬೆಳಿಗ್ಗೆ ಪಾಳಿ ತಗೋತೀರಾ?"

"ನನ್ನನ್ನ ತೆಗೆದುಹಾಕಿದ್ರಲ್ಲ."

"ಹಾಕಿದ್ದೆ. ಬೇರೆ ಯಾರೂ ನಿಜ ಹೇಳ್ಲಿಲ್ಲ, ಏನ್ ಮಾಡ್ಲಿ?"

ಇದು ಅನ್ಯಾಯ. ಒಬ್ಬ ಮನುಷ್ಯನನ್ನು ಇಷ್ಟು ವರ್ಷ ಕಷ್ಟಪಟ್ಟು ಕೀಳಾಗಿ ಕಂಡಿರುತ್ತೇವೆ, ಅವನು ಒಂದು ಮಂಗಳವಾರ ಎದ್ದು ಹೀಗೆ ಮಾಡಿಬಿಡುತ್ತಾನೆ. ಪಾಳಿ ತಗೊಂಡೆ. ಆದರೂ ಆ ಟೈ ಅಸಹ್ಯ.

ಫೆಬ್ರವರಿ 7

ಕ್ರೆಮೆನಾ ಸಾಮಾನ್ಯ ವಾರ್ಡಿಗೆ. ದನಿ ಹರಿದ ಕಾಗದದ ಹಾಗೆ. ನಾಲ್ಕು ಪದಕ್ಕೊಮ್ಮೆ ನಿಲ್ಲುತ್ತಾಳೆ. ಅವತ್ತು ಅಷ್ಟುದ್ದ ವಾಕ್ಯ ಹೇಗೆ ಹೇಳಿದಿರಿ ಎಂದು ಕೇಳಿದೆ.

"ಅದು ಕಸುಬು, ಡಾಕ್ಟ್ರೇ. ಪರದೆ ಹಿಂದೆ ಕೈ ಮೇಲೆತ್ತಿ... ಗಂಟೆಗಟ್ಲೆ ನಿಲ್ತೀವಿ. ಉಸಿರು ಕಟ್ಟಿದ್ರೂ ಮಕ್ಕಳಿಗೆ... ಗೊತ್ತಾಗಬಾರ್ದು. ಮಾತಿನ ಮಧ್ಯೆ ಕದಿಯೋದು ಕಲೀತೀವಿ." ನಕ್ಕಳು, ಕೆಮ್ಮಿದಳು. "ನಿಮ್ಮ ಹತ್ರಾನೂ ಕದ್ದೆ. ನೀವು ಹಿಡೀಲಿಲ್ಲ."

ತನ್ನದೇ ತಪ್ಪು ಎಂದುಕೊಂಡಿದ್ದಾಳೆ. ಚೆನ್ನಾಗಿ ನಟಿಸಿದ್ದಕ್ಕೆ ಹೀಗಾಯಿತು ಎಂದು. ಅದನ್ನು ಹಾಗೆಯೇ ಬಿಟ್ಟು ಬಂದೆ. ಎಷ್ಟು ಸುಲಭ.

ಫೆಬ್ರವರಿ 8

ಬಿಡಲಾಗುವುದಿಲ್ಲ. ನಾಳೆ ಮನೆಗೆ ಹೋಗುತ್ತಾಳೆ.

ಫೆಬ್ರವರಿ 9

ಹೇಳಿದೆ. ಮಂಚದ ಪಕ್ಕ ಕೂತು, ಗಿನ್ಕಾ ಬಟ್ಟೆ ಮಡಚುತ್ತಿದ್ದಾಗ. ಉಸಿರು ಕದ್ದದ್ದು ನಿಮ್ಮ ತಪ್ಪಲ್ಲ, ಹಿಡಿಯುವುದು ನನ್ನ ಕೆಲಸ, ನಾನು ಎಣಿಸಲೇ ಇಲ್ಲ, ಮನಸ್ಸಿಗೆ ಬಂದದ್ದು ಬರೆದೆ ಎಂದು.

ಗಿನ್ಕಾ ಮಡಚುವುದನ್ನು ನಿಲ್ಲಿಸಿದಳು. ಕೊನೆಗೂ ನನ್ನ ಮುಖ ನೋಡಿದಳು. "ಎಣಿಸೋಕೆ ಎಷ್ಟು ಹೊತ್ತು ಬೇಕವ್ವಾ?"

"ಒಂದು ನಿಮಿಷ."

"ಒಂದು ನಿಮಿಷ." ಸೊಸೆಯ ಕಡೆ ತಿರುಗಿದಳು. "ಕೇಳಿಸ್ತೇನೇ? ಮೊಟ್ಟೆ ಬೇಯಿಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು."

ಕ್ರೆಮೆನಾ ಕ್ಷಮಿಸುತ್ತಾಳೆ ಎಂದುಕೊಂಡೆ. ಇಂಥವರು ಕ್ಷಮಿಸುತ್ತಾರೆ, ಕ್ಷಮಿಸುವುದೂ ಒಂದು ಪಾತ್ರ. ಕ್ಷಮಿಸಲಿಲ್ಲ.

"ಆ ನಿಮಿಷದಲ್ಲಿ ನೀವೇನು ಮಾಡ್ತಿದ್ರಿ? ನಾನು ನಿಮ್ಮ ಕೋಣೇಲಿ ಪರದೆ ಹಿಂದೆ... ಗುಂಡಿ ಹಾಕ್ಕೊಳ್ತಿದ್ದೆ. ಆಚೆ ನಗು ಕೇಳ್ತಿತ್ತು. ನನ್ನನ್ನ ನೋಡಿ... ನಗ್ತಿದ್ರಾ?"

ಫೋನ್ ಬಂದಿತ್ತು ಎಂದರೆ ನಂಬುತ್ತಿದ್ದರು. ನಾಲಿಗೆ ತುದಿಯವರೆಗೂ ಬಂದಿತ್ತು.

"ನಿಮ್ಮನ್ನಲ್ಲ. ನಮ್ಮ ಪ್ರೊಫೆಸರ್ ನಡೆಯೋದನ್ನ ಅಣಕಿಸಿ ತೋರಿಸ್ತಿದ್ದೆ. ಇಸ್ಕ್ರೆನ್‌ನ ನಗಿಸೋಕೆ."

ಗಿನ್ಕಾ ಬಾಯಿಗೆ ಕೈ ಇಟ್ಟುಕೊಂಡಳು. ಕ್ರೆಮೆನಾ ದಿಂಬಿಗೆ ಒರಗಿ ಕೂತಳು. ಕಣ್ಣು ನನ್ನ ಮೇಲೇ.

"ತೋರಿಸಿ."

"ಏನನ್ನ?"

"ಆ ನಡಿಗೇನ. ನಾನು ಸಾಯೋಕೆ ಹೊರಟಿದ್ದು ಅದಕ್ಕೆ ತಾನೇ? ನೋಡ್ಬೇಕು... ಹೇಗಿತ್ತು ಅಂತ. ಚೆನ್ನಾಗಿತ್ತೋ ಇಲ್ವೋ... ನಂಗೆ ಗೊತ್ತಾಗುತ್ತೆ."

"ಇಲ್ಲಿ ಬೇಡ, ಬೇರೆ ರೋಗಿಗಳು..."

"ಅವ್ರೂ ನೋಡ್ಲಿ ಬಿಡು" ಅಂದಳು ಗಿನ್ಕಾ. ಕುರ್ಚಿ ಪಕ್ಕಕ್ಕೆ ಎಳೆದು ಮಂಚಗಳ ನಡುವೆ ಜಾಗ ಮಾಡಿಕೊಟ್ಟಳು. ಇಬ್ಬರೂ ನಗುತ್ತಿರಲಿಲ್ಲ. ಕಿಟಕಿ ಬದಿಯ ಹೆಂಗಸು ಕನ್ನಡಕ ಹಾಕಿಕೊಂಡಳು.

ಎದ್ದೆ. ಕೋಟಿನ ಗುಂಡಿ ಹಾಕಿದೆ. ಕೈ ಬೆನ್ನ ಹಿಂದೆ ಕಟ್ಟಿದೆ. ಹೊಟ್ಟೆ ಮುಂದೆ, ಗದ್ದ ಮೇಲೆ. ಬಲಗಾಲು ಎತ್ತಿ ಕೊಕ್ಕರೆಯ ಹಾಗೆ ಇಟ್ಟು, ಮಂಚಗಳ ನಡುವೆ ನಡೆದೆ, ಪೂರ್ತಿ ಒಂದು ನಿಮಿಷ.